ಹಿತ್ತಿಲ ಗೋಡೆಯ ತಗಡಿನ ಬಾಗಿಲು ಮತ್ತು ನಮ್ಮ ಸಮಾನತೆ

ಹೋದ ತಿಂಗಳು ಅಜ್ಜಿಯ ಊರಿಗೆ ಹೋಗಿದ್ದೆ. ತುಮಕೂರು ಸೀಮೆಯ ಒಂದು ಸಣ್ಣ ಪೇಟೆ. ಹಳೇ ಮನೆ ಕೆಡವಿ ಹೊಸದು ಕಟ್ಟಿಸೋಣ ಅಂತ ಮಾವ ಹೊರಟಿದ್ದಾರೆ. ಅದಕ್ಕೆ ಮುಂಚೆ ಒಂದಷ್ಟು ಫೋಟೋ ತೆಗೆದಿಟ್ಟುಕೊಳ್ಳುವ ಆಸೆ ನನಗೆ. ಜಗಲಿ, ಕಂಬ, ತೊಲೆ, ಬಚ್ಚಲ ಹಂಡೆ ಎಲ್ಲ ಮುಗಿಸಿ ಹಿತ್ತಿಲಿಗೆ ಬಂದಾಗ ಗೋಡೆಯ ಬುಡದಲ್ಲಿ ಒಂದು ಪುಟ್ಟ ತಗಡಿನ ಬಾಗಿಲು ಕಣ್ಣಿಗೆ ಬಿತ್ತು. ಎರಡಡಿ ಎತ್ತರವೂ ಇಲ್ಲ. ಹಿಂದಿನ ಓಣಿಯ ಕಡೆಗೆ ತೆರೆದುಕೊಳ್ಳುತ್ತೆ. ಚಿಕ್ಕವರಿದ್ದಾಗ ಓಣಿಯಲ್ಲಿ ಕ್ರಿಕೆಟ್ ಆಡುವಾಗ ಚೆಂಡು ಅದರ ಹತ್ತಿರ ಹೋದರೆ ದೊಡ್ಡವರು ಬೈಯುತ್ತಿದ್ದರು. ಯಾಕೆ ಅಂತ ಯಾರೂ ಹೇಳಿರಲಿಲ್ಲ.

ಈ ಸಲ ಅಜ್ಜಿಯನ್ನೇ ಕೇಳಿದೆ.

"ಅದು ಹಳೇ ಕಕ್ಕಸಿನ ಬಾಗಿಲು ಕಣೋ. ನಾನು ಮದುವೆಯಾಗಿ ಬಂದಾಗ ಇನ್ನೂ ಗುಂಡಿ ತೋಡಿಸಿರಲಿಲ್ಲ. ಬೆಳಗಿನ ಹೊತ್ತು ಒಬ್ಬಳು ಓಣಿ ಕಡೆಯಿಂದ ಬಂದು ಬಳಿದುಕೊಂಡು ಹೋಗ್ತಿದ್ಲು."

"ಏನಜ್ಜಿ ಅವಳ ಹೆಸರು?"

ನಮ್ಮಜ್ಜಿಯ ನೆನಪಿನ ಶಕ್ತಿ ದೊಡ್ಡದು. ಹಾಲು ಹಾಕುತ್ತಿದ್ದವರು, ಬಳೆ ತೊಡಿಸಲು ಬರುತ್ತಿದ್ದವರು, ಹೂವಿನವರು, ಎಲ್ಲರ ಹೆಸರೂ ಹೇಳ್ತಾರೆ. ಆಗ ಮನೆಯಲ್ಲಿದ್ದ ಎಮ್ಮೆಯ ಹೆಸರು ಕೂಡ ನೆನಪಿದೆ. ಇದಕ್ಕೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಯಾರು ಕೇಳಿದ್ರಪ್ಪ..." ಅಂದರು.

ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಇದೇ ತಲೆಯಲ್ಲಿ. ನಮ್ಮ ಕಾಲದಲ್ಲಿ ಎಲ್ಲರೂ ಸಮಾನರು, ಎಲ್ಲರಿಗೂ ಸಮಾನ ಹಕ್ಕು ಅಂತ ಸಲೀಸಾಗಿ ಹೇಳಿಬಿಡ್ತೀವಿ. ನಿಜವಾಗಿಯೂ ಹಾಗಿದೆಯಾ? ಇಡೀ ಸಮಾಜದ ಬಗ್ಗೆ ತೀರ್ಪು ಕೊಡುವಷ್ಟು ಓದು ನನಗಿಲ್ಲ. ಆದರೆ ಆ ಎರಡಡಿ ಬಾಗಿಲಿನ ಚರಿತ್ರೆ ಏನು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನನ್ನ ಕಸುಬಿನ ಒಂದು ಗುಟ್ಟು :) ಸಾಫ್ಟ್‌ವೇರಿನಲ್ಲಿ ಒಂದು ಬಗ್ ಮುಗಿಸಲು ಎರಡು ದಾರಿ ಇದೆ. ಒಂದು, ಕೋಡ್ ತಿದ್ದಿ ನಿಜವಾಗಿಯೂ ಸರಿಮಾಡುವುದು. ಇನ್ನೊಂದು, "ಇದು ಬಗ್ಗೇ ಅಲ್ಲ, ಸ್ಪೆಸಿಫಿಕೇಶನ್ನಿನಲ್ಲಿ ಇದರ ಪ್ರಸ್ತಾಪವೇ ಇಲ್ಲ" ಅಂತ ಬರೆದು ಕ್ಲೋಸ್ ಮಾಡುವುದು. ಎರಡರಲ್ಲೂ ಪಟ್ಟಿಯಿಂದ ಬಗ್ ಮಾಯವಾಗುತ್ತೆ. ಆದರೆ ಎರಡನೆಯದರಲ್ಲಿ ಬಳಸುವವನ ಗೋಳು ಹಾಗೇ ಉಳಿಯುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1948ರ ನವೆಂಬರ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಯನ್ನು ಒಪ್ಪಿಕೊಂಡಿತು. ಅದೇ ಇಂದಿನ 17ನೇ ವಿಧಿ. ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುವ 14ನೇ ವಿಧಿಯೊಂದಿಗೆ 1950ರ ಜನವರಿ 26ರಂದು ಅದೂ ಜಾರಿಗೆ ಬಂತು. ಅದಕ್ಕೆ ಎರಡು ತಿಂಗಳ ಮೊದಲು, 1949ರ ನವೆಂಬರ್ 25ರಂದು, ಅಂಬೇಡ್ಕರ್ ಸಭೆಗೆ ಒಂದು ಎಚ್ಚರಿಕೆ ಕೊಟ್ಟಿದ್ದರು. ರಾಜಕೀಯದಲ್ಲಿ ನಾವು ಸಮಾನರಾಗುತ್ತೇವೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನರಾಗಿಯೇ ಉಳಿಯುತ್ತೇವೆ, ಈ ವಿರೋಧಾಭಾಸವನ್ನು ಬೇಗ ನೀಗದಿದ್ದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ ಎಂಬುದು ಅದರ ಸಾರಾಂಶ.

ಅದೇ 1949ರಲ್ಲಿ ಮುಂಬಯಿ ಸರ್ಕಾರ ಜಾಡಮಾಲಿಗಳ ಸ್ಥಿತಿಗತಿ ನೋಡಲು ಬರ್ವೆ ಸಮಿತಿ ನೇಮಿಸಿತು. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ಆಮೇಲೆ 1957ರಲ್ಲಿ ಕೇಂದ್ರ ಮಟ್ಟದಲ್ಲಿ ಮಲ್ಕಾನಿ ಸಮಿತಿ ಬಂತು, 1960ರಲ್ಲಿ ವರದಿ ಕೊಟ್ಟಿತು. 1965ರಲ್ಲಿ ಇನ್ನೊಂದು ಸಮಿತಿ. ಇದರ ವಿಷಯ ಓದಿ ನಾನು ದಂಗಾದೆ. ಅದು ಪರಿಶೀಲಿಸಿದ್ದು ಮಲ ಬಳಿಯುವವರ "ರೂಢಿಗತ ಹಕ್ಕು"ಗಳನ್ನು! ಅಂದರೆ ಇಂತಿಂಥ ಮನೆಗಳ ಕಕ್ಕಸು ಇಂತಿಂಥ ಕುಟುಂಬಕ್ಕೆ ಸೇರಿದ್ದು, ಬೇರೆಯವರು ಅಲ್ಲಿ ಕೈ ಹಾಕುವಂತಿಲ್ಲ ಅನ್ನುವ ವಂಶಪಾರಂಪರ್ಯದ ಹಕ್ಕು. ಹಕ್ಕು ಅನ್ನುವ ಪದ ಹೀಗೂ ಬಳಕೆಯಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿ ಕೈ ಹಾಕಿದ್ದು ಬಿ. ಬಸವಲಿಂಗಪ್ಪ. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದಾಗ, 1970ರ ದಶಕದ ಆರಂಭದಲ್ಲಿ, ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಅಂಥ ಕಾನೂನು ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಆದರೆ ಬಸವಲಿಂಗಪ್ಪ ಅಂದಾಗ ನಮಗೆ ಥಟ್ಟನೆ ನೆನಪಾಗುವುದು 1973ರ ಬೂಸಾ ಗಲಾಟೆ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು ಅಂತ ಊರೂರಲ್ಲಿ ಗಲಭೆಯಾಗಿ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಸಾಹಿತ್ಯಕ್ಕೆ ಅವಮಾನವಾಯಿತು ಅಂತ ಬೀದಿಗಿಳಿದವರಲ್ಲಿ, ತಲೆಯ ಮೇಲಿನ ಬುಟ್ಟಿಗಾಗಿ ಎಂದಾದರೂ ಬೀದಿಗಿಳಿದವರು ಎಷ್ಟು ಮಂದಿ ಇದ್ದರೋ!

ಈಗ ಕೋಲಾರದ ಚಿನ್ನದ ಗಣಿಗೆ ಬನ್ನಿ. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಮೊದಲು ತಲುಪಿದ್ದು ಕೆ.ಜಿ.ಎಫ್.ಗೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಇಂಜಿನಿಯರಿಂಗ್ ಓದುವಾಗ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆವು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆಯುತ್ತಿದ್ದ ಊರು ಅದು. ಅಂಥ ಊರಿನ ಕಾರ್ಮಿಕರ ಕಾಲೋನಿಗಳಲ್ಲಿ 1990ರ ದಶಕದವರೆಗೂ ಒಣ ಶೌಚಾಲಯಗಳಿದ್ದವು. ಮನುಷ್ಯರು ಕೈಯಿಂದ ಬಳಿದು ಹೊತ್ತೊಯ್ಯುತ್ತಿದ್ದರು. ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿಯುವ ತಂತ್ರಜ್ಞಾನ ಇದ್ದವರಿಗೆ ಒಂದು ನೀರಿನ ಪೈಪು ಹಾಕಿಸಲು ಆಗಲಿಲ್ಲವೇ? ಆಗುತ್ತಿತ್ತು. ಹಾಕಿಸಲೇಬೇಕು ಅಂತ ಯಾರಿಗೂ ಅನಿಸಲಿಲ್ಲ, ಅಷ್ಟೆ.

ಹಾಗೆ ಬಳಿಯುತ್ತಿದ್ದ ಒಂದು ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಆ ಮನೆಯಲ್ಲಿ ಮೊದಲು ಉನ್ನತ ಶಿಕ್ಷಣ ಪಡೆದವರು ಅವರೇ. ಗಣಿಯ ಆಡಳಿತಕ್ಕೆ ಪತ್ರ ಬರೆದರು, ಶೌಚಾಲಯಗಳನ್ನು ಕೆಡವಿ ಎಂದು ಹಠ ಹಿಡಿದರು. ಮುಂದೆ ಎಸ್.ಆರ್. ಶಂಕರನ್ ಮುಂತಾದವರ ಜೊತೆ ಸೇರಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಷ್ಟರಲ್ಲಿ ಕೇಂದ್ರದ ಕಾನೂನು ಬಂತು, 1993ರಲ್ಲಿ. ಸಂಸತ್ತು ಪಾಸು ಮಾಡಿದ್ದು 1993ರಲ್ಲಾದರೂ ಜಾರಿಯಾಗಿದ್ದು 1997ರ ಜನವರಿ 26ಕ್ಕೆ. ಕರ್ನಾಟಕ ಮೊದಲ ಪಟ್ಟಿಯ ರಾಜ್ಯಗಳಲ್ಲೇ ಇತ್ತು, ಅಷ್ಟರ ಮಟ್ಟಿಗೆ ಸಂತೋಷ. ಆದರೆ ಶಿಕ್ಷೆ? ಒಂದು ವರ್ಷದವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಲ ಬಳಿಯುವವರು ತಾವೇ ನೇರವಾಗಿ ಕೋರ್ಟಿಗೆ ದೂರು ಕೊಡುವ ಹಾಗಿರಲಿಲ್ಲ, ಸರ್ಕಾರ ಅಧಿಕಾರ ಕೊಟ್ಟವರೇ ಕೊಡಬೇಕಿತ್ತು. ಎಲ್ಲಕ್ಕಿಂತ ಮುಖ್ಯ, ವ್ಯಾಖ್ಯೆ. ಮಲವನ್ನು ಕೈಯಿಂದ ಹೊರುವವರು ಮಾತ್ರ ಈ ಕಾನೂನಿನ ಲೆಕ್ಕಕ್ಕೆ ಬರುತ್ತಿದ್ದರು. ಮ್ಯಾನ್‌ಹೋಲಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಯುವವನ ಹೆಸರೇ ಇರಲಿಲ್ಲ. ಸ್ಪೆಸಿಫಿಕೇಶನ್ನಿನಲ್ಲೇ ಇಲ್ಲ!

ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮಲ್ಲಿ ಒಣ ಶೌಚಾಲಯವೇ ಇಲ್ಲ ಅಂತ ಎಷ್ಟೋ ರಾಜ್ಯಗಳು ಹೇಳುತ್ತಾ ಬಂದವು. 2011ರ ಜನಗಣತಿ ಮನೆಮನೆ ಎಣಿಸಿದಾಗ ಮನುಷ್ಯರೇ ಮಲ ತೆಗೆಯುವ ಶೌಚಾಲಯಗಳು ದೇಶದಲ್ಲಿ 7,94,390 ಇದ್ದವು.

ಸವಣೂರಿನದು ನಿಮಗೆ ನೆನಪಿರಬಹುದು. ಹಾವೇರಿ ಜಿಲ್ಲೆಯ ಊರು, ಒಂದು ಕಾಲಕ್ಕೆ ನವಾಬರ ಸಂಸ್ಥಾನ, 1948ರ ನಂತರ ಮುಂಬಯಿ ರಾಜ್ಯ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದ ಕೆಲವರು ಪುರಸಭೆಯ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಇದ್ದ ಮನೆಗಳಿಂದ ತಮ್ಮನ್ನು ಎಬ್ಬಿಸಲು ಹೊರಟಿದ್ದರ ವಿರುದ್ಧ ಅವರ ಪ್ರತಿಭಟನೆ. ಟೀವಿಯಲ್ಲಿ ಬಂತು, ರಾಜ್ಯವೇ ಬೆಚ್ಚಿಬಿತ್ತು. ಬೆಚ್ಚಿದ್ದು ಯಾಕೆ? ಅದೇ ಮಲ ಅವರ ಮೈಗೆ ದಿನಾ ಅಂಟುತ್ತಿತ್ತು. ಅದು ಓಣಿಯ ಕಡೆ ಆಗುತ್ತಿತ್ತು, ಆವತ್ತು ಬೀದಿಯ ಕಡೆ ಆಯಿತು. ನಮಗೆ ಕಂಡದ್ದು ಆವತ್ತೇ.

2013ರಲ್ಲಿ ಹೊಸ ಕಾನೂನು ಬಂತು. ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಕೆಲಸವೂ ಇದರೊಳಗೆ ಬಂತು, ಪುನರ್ವಸತಿಯ ಮಾತೂ ಬಂತು. ಆದರೆ ಇಲ್ಲೂ ಒಂದು ಕಿಂಡಿ. ಸುರಕ್ಷಾ ಸಾಧನ ತೊಟ್ಟು ಮಾಡಿದರೆ ಅದು ಮಲ ಬಳಿಯುವ ಕೆಲಸವೇ ಅಲ್ಲವಂತೆ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಚರಂಡಿಯಲ್ಲಿ ಸತ್ತವರ ಕುಟುಂಬಗಳನ್ನೆಲ್ಲ ಗುರುತಿಸಿ ತಲಾ 10 ಲಕ್ಷ ರೂಪಾಯಿ ಕೊಡಿ ಎಂದಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ಈ ಎರಡು ತೀರ್ಪುಗಳ ನಡುವೆ, 2021ರ ಜುಲೈನಲ್ಲಿ, ಕೇಂದ್ರ ಸರ್ಕಾರ ರಾಜ್ಯಸಭೆಗೆ ಒಂದು ಉತ್ತರ ಕೊಟ್ಟಿತು. ಕಳೆದ ಐದು ವರ್ಷಗಳಲ್ಲಿ ಮಲ ಬಳಿಯುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಅಂತ. ಅದೇ ವರ್ಷ, ಅದೇ ಸರ್ಕಾರ, ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡುವಾಗ ಐದು ವರ್ಷದಲ್ಲಿ 300ಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಂತಲೂ ಸಂಸತ್ತಿಗೆ ಹೇಳಿತ್ತು. ಒಂದು ಕಾಲಂನಲ್ಲಿ ಸೊನ್ನೆ, ಇನ್ನೊಂದರಲ್ಲಿ ಮುನ್ನೂರು. ಸತ್ತವರು ಸತ್ತಿದ್ದಾರೆ, ಕಾಲಂ ಮಾತ್ರ ಬೇರೆ. ನಾನು ಮೊದಲು ಹೇಳಿದ ಎರಡನೇ ದಾರಿ ಇದೇ. ಬಗ್ ಕ್ಲೋಸ್ ಆಯಿತು!

ಹಾಗಾದರೆ ಏನೂ ಬದಲಾಗಿಲ್ಲವೇ? ಬದಲಾಗಿದೆ. ಅಜ್ಜಿ ಮನೆಯ ಬಾಗಿಲಿಗೆ ಈಗ ತುಕ್ಕು ಹಿಡಿದಿದೆ, ಬೆಳಗಿನ ಹೊತ್ತು ಆ ಓಣಿಗೆ ಯಾರೂ ಬುಟ್ಟಿ ಹಿಡಿದು ಬರುವುದಿಲ್ಲ. ಕಾನೂನು, ಹೋರಾಟ ಎರಡೂ ಇಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಆದರೆ ಸಮಾನತೆ ಬರುವುದು ಕಾನೂನು ಬರೆದ ದಿನ ಅಲ್ಲ, ಆ ಕಾನೂನು ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೆ ಅನ್ನುವುದರ ಮೇಲೆ ಅಂತ ಇದನ್ನೆಲ್ಲ ಓದಿದ ಮೇಲೆ ನನಗೆ ಅನಿಸಿದೆ. ಲೆಕ್ಕಕ್ಕೇ ಸಿಗದವನಿಗೆ 14ನೇ ವಿಧಿ ಏನು ಮಾಡೀತು?

ಕೊನೆಗೆ ನನ್ನ ಮನೆಯದೇ ಕಥೆ. ಹೋದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಟ್ಯಾಂಕ್ ಕಟ್ಟಿಕೊಂಡಿತ್ತು. ಆಫೀಸಿಗೆ ಹೊರಟವನು ನೋಡಿದೆ, ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗಿದ್ದ, ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿದಿದ್ದ. ಗ್ಲೌಸೂ ಇಲ್ಲ, ಮಾಸ್ಕೂ ಇಲ್ಲ. ಮೂಗು ಮುಚ್ಚಿಕೊಂಡು ಕಾರು ಹತ್ತಿದೆ. ಮಧ್ಯಾಹ್ನ ವಾಟ್ಸಾಪ್ ಗುಂಪಿನಲ್ಲಿ "ಕೆಲಸ ಮುಗೀತು" ಅಂತ ಮೆಸೇಜ್ ಬಂತು. ಎಲ್ಲರ ಜೊತೆ ನಾನೂ ಹೆಬ್ಬೆಟ್ಟಿನ ಗುರುತು ಒತ್ತಿದೆ.

ಊರಿಂದ ವಾಪಸ್ ಬಂದ ಮೇಲೆ ಆ ಇಬ್ಬರ ಹೆಸರು ತಿಳಿಯೋಣ ಅಂತ ವಾಚ್‌ಮನ್ ಹತ್ತಿರ ರಿಜಿಸ್ಟರ್ ಕೇಳಿ ನೋಡಿದೆ. "ಲೇಬರ್ - 2" ಅಂತ ಇತ್ತು. ಸಂಘದ ಮೀಟಿಂಗಿನಲ್ಲಿ, ಇನ್ನು ಮೇಲೆ ಸಕ್ಕಿಂಗ್ ಮೆಷಿನ್ನೇ ತರಿಸಬೇಕು, ಯಾರನ್ನೂ ಒಳಗೆ ಇಳಿಸಬಾರದು, ಅದು ಅಪರಾಧ ಅಂದೆ. ಖರ್ಚು ಜಾಸ್ತಿ ಆಗುತ್ತೆ ಅಂತ ಗೊಣಗಿದರು. ಮುಂದಿನ ಮೀಟಿಂಗಿಗೆ ಮುಂದೂಡಿದ್ದಾರೆ. ಅಲ್ಲೂ ಕೇಳುತ್ತೇನೆ.

ಅಜ್ಜಿ ಹೆಸರು ಕೇಳಲಿಲ್ಲ ಅಂತ ಬಸ್ಸಿನಲ್ಲಿ ಕೂತು ಬೇಜಾರು ಮಾಡಿಕೊಂಡಿದ್ದೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ನಾನು ಬಿ.ಇ.

ನಿಮ್ಮ ಮನೆಯ ಟ್ಯಾಂಕಿಗೆ ಇಳಿಯುವವರು ಯಾರು? ಒಮ್ಮೆ ವಿಚಾರಿಸಿ ನೋಡ್ತೀರಾ?