ಬೆಂಕಿ, ಕೆರೆ ಮತ್ತು ಅಮಾನತ್ತು

ಊರಿನ ಇತಿಹಾಸವನ್ನು ರಾಜರು, ಯುದ್ಧಗಳ ಮೂಲಕ ಓದುವುದು ನಮ್ಮ ರೂಢಿ. ಬೆಂಕಿಯ ಮೂಲಕವೂ ಅದನ್ನು ಓದಬಹುದು. ತುಮಕೂರು ಜಿಲ್ಲೆಯ ಸಿರಾದಲ್ಲಿ ಮಲಿಕ್ ರಿಹಾನ್‌ನ ಗೋರಿಯೂ ಜುಮ್ಮಾ ಮಸೀದಿಯೂ ಮುನ್ನೂರು ವರ್ಷ ದಾಟಿ ನಿಂತಿವೆ. ಅವು ಕಲ್ಲಿನವು. ಅವುಗಳ ನೆರಳಲ್ಲಿ ಬಾಳಿದ ಬಡವರ ಹುಲ್ಲುಮನೆಗಳ ಗುರುತೂ ಇಲ್ಲ.

ಬೆಂಕಿ ಬಡವರನ್ನಷ್ಟೇ ಹುಡುಕುವುದಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದಲ್ಲಿದ್ದಾಗಲೇ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿದಾಗ ಮರದ ಜಾಗವನ್ನು ಕಲ್ಲು, ಇಟ್ಟಿಗೆ, ಕಬ್ಬಿಣ ಹಿಡಿದಿದ್ದವು. ಅರಮನೆಯನ್ನು ಮತ್ತೆ ಕಟ್ಟಲು ಖಜಾನೆಯಿತ್ತು. ಸಣ್ಣ ಊರುಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ಸುಟ್ಟದ್ದು ಸುಟ್ಟಂತೆಯೇ.

ಗುಬ್ಬಿಯನ್ನೇ ನೋಡಿ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಊರೂರು ತಿರುಗಿತು. ಬಣ್ಣದ ಪರದೆ, ಮರದ ಸಜ್ಜು, ಉರಿಯುವ ದೀಪ, ಕಿಕ್ಕಿರಿದ ಜನ, ಎಲ್ಲವೂ ಒಂದೇ ಚಪ್ಪರದಡಿ! ಇಂಥ ಕಡೆ ಒಂದು ಕಿಡಿ ಏನು ಮಾಡಬಲ್ಲದು ಎಂಬುದನ್ನು 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ಸರ್ಕಸ್ ಡೇರೆ ತೋರಿಸಿತು: ತೊಂಬತ್ತಕ್ಕೂ ಹೆಚ್ಚು ಸಾವು, ಬಹುಪಾಲು ಮಕ್ಕಳು. 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಅರವತ್ತಕ್ಕೂ ಹೆಚ್ಚು ಮಂದಿ ಬೆಂದುಹೋದರು.

ಈ ರಾಜ್ಯದಲ್ಲಿ ಅಗ್ನಿಶಾಮಕ ದಳಕ್ಕೆಂದು ಪ್ರತ್ಯೇಕ ಕಾಯ್ದೆ ಬಂದದ್ದು 1964ರಲ್ಲಿ. ಅದಕ್ಕೆ ಮುಂಚೆ ಸಣ್ಣ ಊರುಗಳ ಅಗ್ನಿಶಾಮಕ ದಳವೆಂದರೆ ನೆರೆಹೊರೆಯವರೇ. ಕೂಗು ಕೇಳಿದರೆ ಬಿಂದಿಗೆ ಹಿಡಿದು ಓಡಬೇಕು. ಪಕ್ಕದ ಸೂರನ್ನು ಕಿತ್ತು ಬೆಂಕಿಯ ದಾರಿ ಕಡಿಯಬೇಕು. ಆಗ ಯಾರ ಜಾತಿ, ಯಾರ ಧರ್ಮ ಎಂದು ಕೇಳುತ್ತ ನಿಂತರೆ ಇಡೀ ಕೇರಿಯೇ ಬೂದಿ. ನೀರು ಕೊಡುತ್ತಿದ್ದದ್ದು ಬಾವಿ, ಕಲ್ಯಾಣಿ, ಮಸೀದಿಯ ಹೌಜು, ಕೆರೆ.

ಈ ಮಾತು ಹಳತಾಯಿತೆನ್ನಬೇಡಿ. 2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿದಾಗ ಹತ್ತಿರದ ನಲ್ಲಿಗಳಲ್ಲಿ ನೀರಿರಲಿಲ್ಲ. ಕೊನೆಗೆ ಪಕ್ಕದ ಕೊಳದಿಂದಲೂ ನೀರು ತರಬೇಕಾಯಿತು. ಇನ್ನೂರು ವರ್ಷಗಳ ಸಂಗ್ರಹದಲ್ಲಿ ಬಹುಭಾಗ ಅಷ್ಟರಲ್ಲಿ ಮುಗಿದಿತ್ತು. ವಾಹನವಿದ್ದೂ ನೀರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕುಣಿಗಲ್‌ನಲ್ಲಿ ಟಿಪ್ಪುವಿನ ಅಶ್ವದಳದ ನೆನಪು ಹೊತ್ತ ಕುದುರೆ ಫಾರಂ ಇದೆ. ಕುದುರೆಯಿದ್ದಲ್ಲಿ ಒಣಹುಲ್ಲು ಇದ್ದೇ ಇರುತ್ತದೆ. ಅದೇ ಊರಿನಲ್ಲಿ ಜನಪದರು ಹಾಡಿ ಹೊಗಳಿದ ಕೆರೆಯೂ ಇದೆ. ಕಟ್ಟಡವನ್ನು ಸ್ಮಾರಕವೆಂದು ಕರೆದು ಕೆರೆಯನ್ನು ಮರೆತರೆ ಅರ್ಧ ಇತಿಹಾಸವನ್ನಷ್ಟೇ ಕಾಪಾಡಿದಂತೆ. ಕೈಗಾಡಿಯೂ ನುಗ್ಗದಂತೆ ಓಣಿಗಳನ್ನು ಒತ್ತುವರಿ ಮಾಡಿಕೊಂಡ ನಾವು, ಬೆಂಕಿ ಬಿದ್ದ ದಿನ ದೊಡ್ಡ ವಾಹನ ತಡವಾಯಿತೆಂದು ಬೈಯುತ್ತೇವೆ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಸುಟ್ಟ ಸುದ್ದಿ ತಲುಪಿದಾಗ, ಮಲಗುವ ಮುನ್ನ ಬೆಂಕಿ ಆರಿಸಿರೆಂದು ಪ್ರವಾದಿಯವರು(ಸ) ತಿಳಿಸಿದರು. ಎಚ್ಚರವೂ ಧರ್ಮದ ಭಾಗವೇ.

ತುಮಕೂರಿನ ಕೆರೆಗೆ ಅಮಾನಿಕೆರೆಯೆಂದು ಹೆಸರು. ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದಕ್ಕೆ ಹಳೆಯ ಕಂದಾಯ ಭಾಷೆಯಲ್ಲಿ 'ಅಮಾನಿ' ಎನ್ನುತ್ತಿದ್ದರು. ಉರ್ದುವಿನ ಅಮಾನತ್ತಿಗೂ ಅದಕ್ಕೂ ಬೇರು ಒಂದೇ: ನಂಬಿ ಒಪ್ಪಿಸಿದ್ದು. ಕನ್ನಡದಲ್ಲಿ ಇಂದು ಅಮಾನತ್ತೆಂದರೆ ಕೆಲಸದಿಂದ ದೂರವಿಡುವುದು. ನಮ್ಮ ಕೆರೆಗಳು, ಹಳೆಯ ಕಟ್ಟಡಗಳು ಯಾವ ಅರ್ಥದಲ್ಲಿ ಅಮಾನತ್ತಾಗಿವೆ ಎಂಬುದನ್ನು ಮುಂದಿನ ಬೆಂಕಿಗೆ ಮುಂಚೆಯೇ ನಾವು ಕೇಳಿಕೊಳ್ಳಬೇಕು.