ಹರಾಜಿಗೆ ಬಂದ ಕೋಳಿ

ಕನ್ನಡದಲ್ಲಿ ಆರಾಧನೆ ನಡೆಸುವ ಪ್ರಾಟೆಸ್ಟಂಟ್ ಸಭೆಗಳಲ್ಲಿ ವರ್ಷಕ್ಕೊಮ್ಮೆ ಬೆಳೆಹಬ್ಬ ಬರುತ್ತದೆ. ಕೆಲವೆಡೆ ಇದನ್ನು ಸುಗ್ಗಿಹಬ್ಬ ಎನ್ನುತ್ತಾರೆ. ಅಂದು ಪೀಠದ ಮುಂದೆ ಕಬ್ಬು, ಬಾಳೆಗೊನೆ, ಕುಂಬಳಕಾಯಿ, ರಾಗಿ ತೆನೆ ಸಾಲಾಗಿ ನಿಲ್ಲುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಐವತ್ತು ರೂಪಾಯಿಯ ತೆಂಗಿನಕಾಯಿ ಐನೂರಕ್ಕೆ ಹೋಗುತ್ತದೆ, ಕೊಂಡವರು ಅದನ್ನೇ ಮರಳಿ ಕೊಟ್ಟು ಇನ್ನೊಮ್ಮೆ ಕೂಗಿಸುತ್ತಾರೆ. ದೊಡ್ಡವರಿಗೆ ಇದು ನಗುವಿನ ಹೊತ್ತು. ಹಳ್ಳಿಯ ಸಭೆಗಳಲ್ಲಿ ಕೋಳಿಯೋ ಆಡುಮರಿಯೋ ಹರಾಜಿಗೆ ಬಂದಾಗ ಮಾತ್ರ ಗುಂಪಿನಲ್ಲಿ ಒಂದು ಮಗು ನಗದೆ ನಿಂತಿರಬಹುದು. ದೇವರಿಗೆಂದು ಬಿಟ್ಟ ಆ ಮರಿಗೆ ತಿಂಗಳುಗಟ್ಟಲೆ ಕಾಳು ಹಾಕಿದ್ದು, ನಾಯಿಯಿಂದ ಕಾಪಾಡಿದ್ದು, ಸಂಜೆ ಪಂಜರಕ್ಕೆ ಸೇರಿಸಿದ್ದು ಅದೇ ಮಗು.

ಈ ಹಬ್ಬದ ಈಗಿನ ರೂಪಕ್ಕೆ ಬಹಳ ವಯಸ್ಸಾಗಿಲ್ಲ. ಮೊದಲ ಫಲವನ್ನು ಬುಟ್ಟಿಯಲ್ಲಿ ತಂದು ದೇವರ ಮುಂದಿಡಬೇಕೆಂಬ ಮಾತು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲಿದೆ. ಆದರೆ ಚರ್ಚನ್ನು ಬೆಳೆಯಿಂದ ಸಿಂಗರಿಸಿ ಒಂದು ಭಾನುವಾರವನ್ನು ಅದಕ್ಕೆಂದೇ ಮೀಸಲಿಡುವ ಪದ್ಧತಿಯನ್ನು 1843ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಮಾರ್ವೆನ್‌ಸ್ಟೋ ಊರಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ ಆರಂಭಿಸಿದರು. ಅದು ಮಿಷನರಿಗಳ ಜೊತೆ ನಮ್ಮ ಕಡೆಗೂ ಬಂತು. ಲಂಡನ್ ಮಿಷನ್ನಿನವರು, ವೆಸ್ಲಿಯನ್ನರು ಕಟ್ಟಿದ ಬೆಂಗಳೂರಿನ ಕನ್ನಡ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಮರುವರ್ಷ, 1948ರಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿತ್ತು. ಹೊಸ ಬಡಾವಣೆಗೆ ಮನೆಮಾಡಿಕೊಂಡು ಬಂದ ಕ್ರೈಸ್ತ ಕುಟುಂಬಗಳ ಜೊತೆ ಹಬ್ಬವೂ ಬಂತು.

ಬಂದ ಹಬ್ಬಕ್ಕೆ ಇಲ್ಲಿನ ಮಣ್ಣು ಹೊಸದೇನಲ್ಲ. ಜಯನಗರದಿಂದ ಕೂಗಳತೆಯಲ್ಲಿರುವ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ರೈತರ ಬೆಳೆಯನ್ನು ಬಸವ ರಾತ್ರಿ ಮೇಯುತ್ತಿದ್ದನಂತೆ. ಅವನ ಕಾಟ ತಪ್ಪಲೆಂದು ಮೊದಲ ಬೆಳೆ ನಿನಗೇ ಎಂದು ಹರಕೆ ಹೊತ್ತರಂತೆ. ಒಂದು ಕಡೆ ಪ್ರಾಣಿಗೆ ಬೆಳೆ, ಇನ್ನೊಂದು ಕಡೆ ಬೆಳೆಯ ಜೊತೆ ಪ್ರಾಣಿ. ಮೊದಲನೆಯದು ನಮ್ಮದಲ್ಲ ಎಂಬ ಲೆಕ್ಕ ಎರಡು ಕಡೆಯೂ ಒಂದೇ.

ಮಗು ಸಾಕಿದ ಪ್ರಾಣಿಯಿಂದ ಕ್ರೈಸ್ತ ಜೀವನಕ್ಕೆ ಪಾಠ ತೆಗೆಯುವ ಕಥೆಗಳಲ್ಲಿ ಹೆಚ್ಚು ದೂರ ಸಾಗಿದ್ದು ಒಂದು ಹಂದಿಯ ಕಥೆ. ಅದಕ್ಕೂ ಭಾರತಕ್ಕೂ ನಂಟಿದೆ. ವೆಲ್ಸ್ಲಿ ಬೇಯ್ಲಿ ಎಂಬ ಐರಿಷ್ ಮನುಷ್ಯ ಅಂಬಾಲದಲ್ಲಿ ಶಾಲಾ ಮಾಸ್ತರಿಕೆ ಮಾಡುತ್ತಿದ್ದಾಗ ಕುಷ್ಠರೋಗಿಗಳ ಗುಡಿಸಲುಗಳನ್ನು ಕಂಡರು. ಅವರಿಗೆಂದು 1874ರಲ್ಲಿ ಒಂದು ಮಿಷನ್ ಆರಂಭಿಸಿದರು. ಮುಂದೆ ಅಮೆರಿಕದಲ್ಲೂ ಅದರ ಕೆಲಸ ಬೆಳೆಯಿತು. ಅಲ್ಲಿನ ಕಾರ್ಯದರ್ಶಿ ವಿಲಿಯಂ ಡ್ಯಾನರ್ 1913ರಲ್ಲಿ ಕಾನ್ಸಾಸ್ ರಾಜ್ಯದ ವೈಟ್ ಕ್ಲೌಡ್ ಎಂಬ ಸಣ್ಣ ಊರಿಗೆ ಬಂದು ಚಾಪ್ಮನ್ ಎಂಬವರ ಮನೆಯಲ್ಲಿ ಉಳಿದರು. ಹೊರಡುವಾಗ ಆ ಮನೆಯ ಹುಡುಗ ವಿಲ್ಬರನ ಕೈಯಲ್ಲಿ ಮೂರು ಬೆಳ್ಳಿ ಡಾಲರ್ ಇಟ್ಟರು. ಹುಡುಗ ಆ ದುಡ್ಡಿಗೆ ಒಂದು ಹಂದಿಮರಿ ಕೊಂಡ. ಪೀಟ್ ಎಂದು ಹೆಸರಿಟ್ಟ. ಮೇಯಿಸಿ ಕೊಬ್ಬಿಸಿ 25 ಡಾಲರಿಗೆ ಮಾರಿ ಹಣವನ್ನು ಮಿಷನ್ನಿಗೆ ಕಳಿಸಿದ. ಒಬ್ಬ ರೋಗಿಯನ್ನು ಒಂದು ವರ್ಷ ನೋಡಿಕೊಳ್ಳಲು ಆಗ ಬೇಕಾಗುತ್ತಿದ್ದುದು ಅಷ್ಟೇ ಹಣ.

ಕಥೆ ಭಾನುವಾರದ ಶಾಲೆಗಳಿಗೆ ಹಬ್ಬಿತು. ಎಲ್ಲ ಮಕ್ಕಳ ಮನೆಯಲ್ಲೂ ಹಂದಿಗೂಡು ಎಲ್ಲಿರಬೇಕು? ಹಾಗಾಗಿ ಹಂದಿಯಾಕಾರದ ಕಾಸಿನ ಡಬ್ಬಿಗಳು ಬಂದವು. ಮಕ್ಕಳು ಅದಕ್ಕೆ ಚಿಲ್ಲರೆ ‘ಮೇಯಿಸಿ’ ತುಂಬಿದ ಮೇಲೆ ಕಳಿಸುತ್ತಿದ್ದರು. ಹಂದಿ ಹುಂಡಿಯ ಕಲ್ಪನೆಯೇ ಪೀಟನಿಂದ ಹುಟ್ಟಿತೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಜಾವಾ ದ್ವೀಪದ ಮಜಾಪಹಿತ್ ಅರಸರ ಕಾಲದ, ಅಂದರೆ ಸುಮಾರು ಐದಾರು ಶತಮಾನ ಹಿಂದಿನ, ಹಂದಿಯಾಕಾರದ ಮಣ್ಣಿನ ಹುಂಡಿಗಳು ನೆಲದಡಿ ಸಿಕ್ಕಿವೆ. ಒಳ್ಳೆಯ ಕಥೆಗೆ ಇಂಥ ಕೊಂಬು ಮೂಡುವುದು ಸಹಜ.

ನನ್ನನ್ನು ಕಾಡುವುದು ಬೇರೆ ವಿಷಯ. ಪೀಟನ ಕಥೆಯನ್ನು ಮಕ್ಕಳಿಗೆ ಹೇಳುವವರು ಮಾರಿದ ದಿನದ ಮೇಲೆ ಬೇಗನೆ ಹಾರಿಹೋಗುತ್ತಾರೆ. ಕೊಬ್ಬಿದ ಹಂದಿಯನ್ನು ಕೊಂಡವರು ಅದನ್ನು ಏನು ಮಾಡುತ್ತಾರೆಂಬುದು ರೈತನ ಮಗನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಹೆಸರಿಟ್ಟ, ಗೊತ್ತಿದ್ದೂ ಮಾರಿದ. ಪಾಠ ಇರುವುದಾದರೆ ಅಲ್ಲಿದೆ. 25 ಡಾಲರಿನ ಲೆಕ್ಕ ಆಮೇಲಿನದು. ಇನ್ನೊಂದು ಬದಿಯೂ ಇದೆ. ಹಣ ಪಡೆದ ರೋಗಿ ಈ ಕಥೆಯಲ್ಲಿ ಕೈಚಾಚುವುದಕ್ಕಷ್ಟೇ ಬರುತ್ತಾನೆ. ಹಂದಿಗೆ ಹೆಸರಿದೆ, ರೋಗಿಗೆ ಬಹುಮಟ್ಟಿಗೆ ಹೆಸರೇ ಇಲ್ಲ. ನಮ್ಮಲ್ಲಿಯೂ ಕುಷ್ಠವಾದವರನ್ನು ಹಿಡಿದು ಬೇರೆಯಿಡಲು ಅವಕಾಶ ಕೊಟ್ಟ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಎಣಿಸುವುದು ನಿಂತದ್ದು 2019ರಲ್ಲಿ. ಮಾಗಡಿ ರಸ್ತೆಯಲ್ಲಿ 1977ರಲ್ಲಿ ಆರಂಭವಾದ ಸುಮನಹಳ್ಳಿಯಂಥ ಕಡೆ ಚಿಕಿತ್ಸೆಯ ಜೊತೆಗೆ ಕಸುಬು ಕಲಿಸುವ ಕೆಲಸ ನಡೆದದ್ದು ಈ ಕಾರಣಕ್ಕೆ ದೊಡ್ಡದೆನಿಸುತ್ತದೆ. ಔಷಧ ರೋಗವನ್ನು ಗುಣಪಡಿಸಿದ ಮೇಲೂ ಊರು ಅವರನ್ನು ಒಳಗೆ ಕರೆಯಲು ತಡಮಾಡಿತು.

ಬೈಬಲಿನಲ್ಲೇ ಇದಕ್ಕೆ ಎದುರಾಗಿ ನಿಲ್ಲುವ ಕಥೆಯೊಂದಿದೆ. ಸಮುವೇಲನ ಎರಡನೆಯ ಪುಸ್ತಕದಲ್ಲಿ ಪ್ರವಾದಿ ನಾತಾನ ಅರಸ ದಾವೀದನಿಗೆ ಹೇಳುವುದು. ಬಡವನೊಬ್ಬನಿಗೆ ಇದ್ದದ್ದು ಒಂದೇ ಹೆಣ್ಣು ಕುರಿಮರಿ. ಅದು ಅವನ ಮಕ್ಕಳ ಜೊತೆ ಬೆಳೆಯಿತು, ಅವನ ತಟ್ಟೆಯಲ್ಲಿ ತಿಂದಿತು, ಮಡಿಲಲ್ಲಿ ಮಲಗಿತು, ಮಗಳಂತಿತ್ತು. ಮಂದೆ ಮಂದೆ ಕುರಿಗಳಿದ್ದ ಸಾಹುಕಾರ ಮನೆಗೆ ನೆಂಟ ಬಂದಾಗ ತನ್ನವನ್ನು ಮುಟ್ಟದೆ ಆ ಒಂದನ್ನು ಎಳೆದುಕೊಂಡು ಹೋಗಿ ಅಡುಗೆ ಮಾಡಿಸಿದ. ಕೇಳಿದ ದಾವೀದ ಕೆರಳಿದ. ತಾನೇ ಆ ಸಾಹುಕಾರ ಎಂದು ಆಮೇಲೆ ತಿಳಿಯಿತು. ಹುಡುಗನಾಗಿದ್ದಾಗ ಅಪ್ಪನ ಕುರಿ ಕಾಯುತ್ತಿದ್ದ ದಾವೀದನಿಗೆ ಬೇರೆ ಯಾವ ಕಥೆಯೂ ಇಷ್ಟು ಬೇಗ ನಾಟುತ್ತಿರಲಿಲ್ಲ.

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಬೈಬಲು ಪೂರ್ತಿಯಾಗಿ ಕನ್ನಡಕ್ಕೆ ಬಂತು. ಈ ಕಥೆಗೆ ಕನ್ನಡ ಚೆನ್ನಾಗಿ ಒದಗುವ ಭಾಷೆ. ನಮ್ಮಲ್ಲಿ ಕುರಿಯದೂ ಮರಿಯೇ, ತೊಡೆಯ ಮೇಲಿನ ಕೂಸೂ ‘ನನ್ನ ಮರಿ’ಯೇ. ಯೇಸುವನ್ನು ಮಲಗಿಸಿದ ಜಾಗಕ್ಕೂ ದನದ ಕೊಟ್ಟಿಗೆಯ ಪದವೇ ಸಿಕ್ಕಿತು: ಗೋದಲಿ. ಹುಲ್ಲು ಹಾಕುವ ಆ ತೊಟ್ಟಿಯ ಹೆಸರನ್ನು ಕೇಳಿ ಹಳ್ಳಿಯ ಕ್ರೈಸ್ತ ಮಗುವಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಇಂದು ನಗರದ ಮಗುವಿಗೆ ಗೋದಲಿ ಎಂದರೆ ಕ್ರಿಸ್ಮಸ್ ಬೊಂಬೆಗಳ ಜೋಡಣೆ ಮಾತ್ರ.

ವಿಲ್ಬರ್ ತಾನಾಗಿ ಕೊಟ್ಟ, ಬಡವನಿಂದ ಕಿತ್ತುಕೊಂಡರು. ಬೆಳೆಹಬ್ಬದ ಅಂಗಳದಲ್ಲಿ ನಿಂತ ಮಗು ಯಾವ ಕಡೆಗೆ ಸೇರಿದ್ದು? ಹರಕೆ ಹೊತ್ತದ್ದು ಅಮ್ಮ, ಸಾಕಿದ್ದು ಮಗು. ಹರಕೆಯ ಕುರಿಯ ಮೇಲೆ ಬಸವಣ್ಣನವರ ವಚನವನ್ನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಮಗುವನ್ನು ಕೇಳಿ ಹರಕೆ ಹೊರುವ ಮನೆಗಳೂ ಇರುತ್ತವೆ, ಕೇಳದ ಮನೆಗಳೇ ಜಾಸ್ತಿ.

ಕೊಡುವುದಕ್ಕೆ ಕೊಲ್ಲಲೇಬೇಕೆಂದಿಲ್ಲ ಎಂಬುದು ಹಳೇ ಮೈಸೂರಿನ ರೈತರಿಗೆ ಮೊದಲೇ ಗೊತ್ತಿತ್ತು. ಇದ್ದವರು ಇಲ್ಲದವರ ಮನೆಗೆ ಕರುವನ್ನೋ ಕುರಿಯನ್ನೋ ವಾರಕ್ಕೆ ಬಿಡುತ್ತಿದ್ದರು. ಸಾಕಿದವರಿಗೆ ಹುಟ್ಟಿದ ಮರಿಗಳಲ್ಲಿ ಪಾಲು. ಎಷ್ಟೋ ಬಡಮನೆಗಳ ಕೊಟ್ಟಿಗೆ ತುಂಬಿದ್ದು ಹೀಗೆ, ಮೇಯಿಸುವ ಕೆಲಸ ಬಿದ್ದದ್ದು ಮಕ್ಕಳ ಮೇಲೆ. ಇದರಲ್ಲಿ ದೊರೆತನದ ಲೆಕ್ಕಾಚಾರವೂ ಇತ್ತು, ಬರೀ ದಯೆಯಲ್ಲ. ಇದಕ್ಕೆ ಹತ್ತಿರದ ಒಂದು ಯೋಚನೆ ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಡ್ಯಾನ್ ವೆಸ್ಟ್ ಎಂಬ ಅಮೆರಿಕದ ರೈತನಿಗೆ ಹೊಳೆಯಿತು. ಬ್ರೆದರನ್ ಸಭೆಗೆ ಸೇರಿದ ಆತ ಅಲ್ಲಿ ಹಸಿದ ಮಕ್ಕಳಿಗೆ ಲೋಟದ ಲೆಕ್ಕದಲ್ಲಿ ಹಾಲು ಹಂಚುತ್ತಿದ್ದ. ಲೋಟ ಹಾಲಿಗಿಂತ ಹಸುವನ್ನೇ ಕೊಟ್ಟರೇನು ಎಂದುಕೊಂಡ. 1944ರಲ್ಲಿ ಕಡಸುಗಳ ಮೊದಲ ತಂಡ ಹಡಗು ಹತ್ತಿ ಪೋರ್ಟೊ ರಿಕೊ ತಲುಪಿತು. ಪಡೆದವರಿಗೆ ಒಂದೇ ಷರತ್ತು: ಮೊದಲು ಹುಟ್ಟುವ ಹೆಣ್ಣುಕರುವನ್ನು ಇನ್ನೊಂದು ಬಡಮನೆಗೆ ಕೊಡಬೇಕು. ಇಲ್ಲಿ ಪಡೆದವನೇ ಕೊಡುವವನೂ ಆಗುತ್ತಾನೆ. ಪೀಟನ ಕಥೆಯಲ್ಲಿ ಇಲ್ಲದ್ದು ಇದೇ.

ದಕ್ಷಿಣ ಬೆಂಗಳೂರಿನಲ್ಲಿ ಪ್ರಾಣಿ ಸಾಕುವುದು ಒಂದು ಕಾಲಕ್ಕೆ ಕಲಿಯುವ ವಿದ್ಯೆಯೂ ಆಗಿತ್ತು. ಬಿಟಿಎಂ ಲೇಔಟಿಗೆ ದೂರವಲ್ಲದ ಆಡುಗೋಡಿಯಲ್ಲಿ 1923ರಲ್ಲಿ ಆರಂಭವಾದ ಡೈರಿ ಸಂಸ್ಥೆಗೆ, 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಹೋಗಿ ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ಗೋಪಾಲನೆಯ ಪಾಠ ಹೇಳಿಸಿಕೊಂಡರು. ಹಸುವಿನ ಹಾಲು ಬಿಟ್ಟು ಮೇಕೆ ಹಾಲಿಗೆ ಇಳಿದಿದ್ದ ಮನುಷ್ಯ, 57ರ ವಯಸ್ಸಿನಲ್ಲಿ. ಸುತ್ತ ಆಗ ಸಾರಕ್ಕಿ, ಯಡಿಯೂರು, ಭೈರಸಂದ್ರ, ತಾವರೆಕೆರೆ ಎಲ್ಲ ಕೆರೆಯಿದ್ದ ಹಳ್ಳಿಗಳು. ಈಗ ಅವು ಬಸ್ ನಿಲ್ದಾಣಗಳ ಹೆಸರು.

ಈ ಬಡಾವಣೆಗಳಲ್ಲಿ ಬೆಳೆಹಬ್ಬದ ಕುಂಬಳಕಾಯಿ ಮಾರುಕಟ್ಟೆಯಿಂದ ಬರುತ್ತದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೋಳಿ ಸಾಕಲು ಸಂಘದವರು ಬಿಡುವುದಿಲ್ಲ. ಕೋಳಿ ಬೇಕೇ ಬೇಕೆಂದರೆ ಬೆಳಿಗ್ಗೆ ಅಂಗಡಿಯಿಂದ ಕಾಲು ಕಟ್ಟಿಸಿ ತರಬೇಕು, ಇಲ್ಲವೇ ಕವರಿನಲ್ಲಿ ಹಣವಿಟ್ಟು ಕೊಟ್ಟರೂ ನಡೆಯುತ್ತದೆ. ಹರಾಜು ಕೂಗುವವರ ಗಂಟಲು ಮಾತ್ರ ಹಾಗೇ ಇದೆ. ಕಾಲು ಕಟ್ಟಿದ ಕೋಳಿಯನ್ನು ಎತ್ತಿ ಹಿಡಿದಾಗ ಮುಂದಿನ ಸಾಲಿನ ಮಕ್ಕಳು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ, ಅದು ರೆಕ್ಕೆ ಬಡಿದರೆ ಕಿರುಚಿ ಹಿಂದೆ ಸರಿಯುತ್ತಾರೆ.