ಇಮ್ಮಡಿ ಪುಲಕೇಶಿ ಶೇಂಗಾ ಹಿಂಡಿ ತಿಂದಿದ್ದನೇ?

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ನಾವು ಮೊದಲು ಹುಡುಕುವುದು ಬುಟ್ಟಿ ಹೊತ್ತು ಬರುವ ಅವ್ವಂದಿರನ್ನು. ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇದು ಚಾಲುಕ್ಯರ ಕಾಲದ ಊಟ ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

ಅಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇರುವುದು ಕ್ರಿ.ಶ. 578ರದ್ದು. ಆಗ ನಮ್ಮ ದೇಶದಲ್ಲಿ ಮೆಣಸಿನಕಾಯಿಯೂ ಇರಲಿಲ್ಲ, ಶೇಂಗಾವೂ ಇರಲಿಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಮೆಣಸಿನಕಾಯಿ ಬಂದದ್ದು ಅವರ ಹಡಗುಗಳಲ್ಲಿ. ಅದಕ್ಕೂ ಮೊದಲು ನಮ್ಮ ಖಾರ ಕರಿಮೆಣಸಿನದು. ಆ ಹೆಸರೇ ಹೊಸ ಕಾಯಿಗೂ ಅಂಟಿತು. ಎಣ್ಣೆಗಾಯಿಯ ಬದನೆ ಭಾರತದ್ದೇ, ಒಳಗಿನ ಶೇಂಗಾ ಪುಡಿ ದೂರದ್ದು. ಜೋಳ ಕೂಡ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಕಾಳು.

ಅಂದಮೇಲೆ ಈ ಊಟ ನಮ್ಮದಲ್ಲವೇ? ನಮ್ಮದೇ. ಬಂದದ್ದನ್ನು ಹುನಗುಂದ, ಇಳಕಲ್ಲಿನ ಹೊಲಗಳಲ್ಲಿ ಬಿತ್ತಿದರು, ಒಲೆಯ ಮುಂದೆ ಕೂತು ತಟ್ಟಿದರು, ನಮ್ಮ ನಾಲಿಗೆಗೆ ಹೊಂದಿಸಿದರು. ಈಗ ಎಷ್ಟೋ ಮನೆಗಳಲ್ಲಿ ಅನ್ನ ಹೆಚ್ಚಾಗಿ, ರೊಟ್ಟಿ ತಟ್ಟುವುದು ಕಡಿಮೆಯಾಗಿದೆ. ಹೊರಗಿನ ಬೆಳೆ ಬಂದು ನಮ್ಮ ಊಟ ಕೆಡಲಿಲ್ಲ. ಅಜ್ಜಿಯ ಕೈಯ ರೊಟ್ಟಿಯನ್ನು ನಾವು ಕಲಿಯದೇ ಬಿಟ್ಟರೆ ಮಾತ್ರ ಅದು ಹೋಗುತ್ತದೆ.